ಹರಿಯದ ಹಸಿರು ದಾರ

ಒಣಕೊಬ್ಬರಿಯ ಬಟ್ಟಲನ್ನು ಹೆರೆಮಣೆಗೆ ಒತ್ತಿದಾಗ ಮೊದಲು ಎಣ್ಣೆಯ ವಾಸನೆ ಬರುತ್ತದೆ. ಅದರ ಹಿಂದೆಯೇ, ಹಳೆಯ ಮರದ ಪೆಟ್ಟಿಗೆ ತೆರೆದಂತೆ, ಒಂದು ಸಿಹಿ ವಾಸನೆ. ವರ್ಷದ ಮಸಾಲೆ ಖಾರ ಕುಟ್ಟಿಸುವ ಮುಂಚೆ ಎರಡು ಕಿಲೋ ಕೊಬ್ಬರಿ ಹೆರೆದು ಕೊಡುವುದು ಈ ಮನೆಯಲ್ಲಿ ನನ್ನ ಪಾಲಿನ ಕೆಲಸ. ಹೆರೆಯುತ್ತೇನೆ, ಆದರೆ ಒಂದು ಚೂರನ್ನೂ ಬಾಯಿಗೆ ಹಾಕಿಕೊಳ್ಳುವುದಿಲ್ಲ. ಆಯಿಯ ಹಲ್ಲು ಗಟ್ಟಿಯಿಲ್ಲ, ಅದಕ್ಕೇ ತಿನ್ನುವುದಿಲ್ಲ ಎಂದು ಮೊಮ್ಮಕ್ಕಳಾದ ನೀವಿಬ್ಬರೂ ತಿಳಿದಿದ್ದೀರಿ. ತೀರಿಹೋದ ನಿಮ್ಮ ಅಜ್ಜನೂ ಹಾಗೆಯೇ ತಿಳಿದಿದ್ದರು. ಆಗ ನನಗೆ ಮೂವತ್ತೆರಡೂ ಹಲ್ಲಿದ್ದವು.

ಆ ಶುಕ್ರವಾರ ಸಾಯಂಕಾಲ ನಾನು ಅಡುಗೆಮನೆಯಲ್ಲಿ ಕೂತು ಕೊಬ್ಬರಿ ಹೆರೆಯುತ್ತಿದ್ದಾಗ, ಸಹನಾ, ನೀನು ನೋಟ್‌ಬುಕ್ ಹಿಡಿದು ಬಂದು ಎದುರಿಗೆ ಕೂತೆ. ನಿಮ್ಮ ಎಂಟನೆಯ ತರಗತಿಯವರಿಗೆ ಚರ್ಚಾಸ್ಪರ್ಧೆಯಂತೆ. ಹೊಡೆದಾಟದ ವಿಡಿಯೊ ಗೇಮುಗಳು ಹರೆಯದ ಮಕ್ಕಳಿಗೆ ಯಾಕೆ ಅಷ್ಟು ಇಷ್ಟವಾಗುತ್ತವೆ ಎಂಬುದು ವಿಷಯ.

“ಆಯಿ, ನಿನಗೇನ ಅನಸ್ತತಿ ಹೇಳು. ಎಲ್ಲಾರನೂ ಕೇಳಾಕತ್ತೇನಿ.”

“ನನಗೇನ ತಿಳಿತತಿ ನಮ್ಮವ್ವ. ನಾ ಕಲಿತಿದ್ದು ಏಳನೆತ್ತೆ.”

“ಅಪ್ಪಗ ಕೇಳಿದ್ರ ಬೈತಾನ. ಅಣ್ಣಗ ಕೇಳಿದ್ರ ಬಾಗ್ಲಾ ಹಾಕ್ಕೋತಾನ. ನಿನಗ ಕೇಳಿದ್ರ ಏಳನೆತ್ತೆ ಅಂತಿ. ಹೆಂಗ ಬರೀಲಿ ನಾ?”

ನೀನು ಸೆಡವಿನಿಂದ ಎದ್ದು ಹೋದೆ. ನಾನು ಸುಳ್ಳು ಹೇಳಿದ್ದೆ. ನನಗೆ ಉತ್ತರ ತಿಳಿದಿತ್ತು. ತಿಳಿದದ್ದನ್ನು ಬಾಯಿಬಿಟ್ಟು ಹೇಳುವುದೇ ನನಗೆ ಬರುವುದಿಲ್ಲ. ಶಾಲೆಯಲ್ಲಿ ಮಾಸ್ತರರು ಹೆಸರು ಕೂಗಿದಾಗ ‘ಹಾಜರ್’ ಎನ್ನಲಾಗದೆ, ಎಷ್ಟೋ ದಿನ ಶಾಲೆಯ ಒಳಗೇ ಕೂತು ಗೈರುಹಾಜರಾದವಳು ನಾನು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಕಾಗದ ತಿರುಗಿ ನಮ್ಮ ಮುಖ ನೋಡುವುದಿಲ್ಲ.

ಆ ದಿನ ಮನೆಯಲ್ಲಿ ಸದ್ದೇ ಇರಲಿಲ್ಲ. ಬ್ಯಾಡಗಿಯ ನಮ್ಮ ಓಣಿಯಲ್ಲಿ ಯಾವ ಹೊತ್ತಿನಲ್ಲೂ ಒಂದಲ್ಲ ಒಂದು ಸದ್ದಿರುತ್ತದೆ. ಮೆಣಸಿನಕಾಯಿ ಚೀಲದ ಗಾಡಿ, ಘಾಟಿಗೆ ಕೆಮ್ಮುವವರು, ತೊಟ್ಟು ಬಿಡಿಸಲು ಹೋಗುವ ಹೆಂಗಸರ ಮಾತು. ಅವೆಲ್ಲ ಇದ್ದವು. ಇಲ್ಲದಿದ್ದದ್ದು ಮನೆಯೊಳಗಿನ ಗುಂಡಿನ ಸದ್ದು. ಸಮರ್ಥ, ನಿನ್ನ ಫೋನು ಮಂಗಳವಾರದಿಂದ ನಿಮ್ಮಪ್ಪನ ತಿಜೋರಿಯಲ್ಲಿತ್ತು. ನಿನ್ನ ಬಟ್ಟೆಯ ಟ್ರಂಕು ಪಡಸಾಲೆಗೆ ಬಂದಿತ್ತು. ಸೋಮವಾರ ನಿನ್ನನ್ನು ಹಾವೇರಿಯ ಆಚೆಗಿನ ಒಂದು ವಸತಿಶಾಲೆಗೆ ಬಿಟ್ಟು ಬರುವುದೆಂದು ನಿಮ್ಮಪ್ಪ ನಿಶ್ಚಯ ಮಾಡಿದ್ದ. ತುಂಬಿದ ಫಾರಂ ಟಿವಿಯ ಮೇಲಿತ್ತು. ಅಪ್ಪನನ್ನೇ ದೂಡಿ ಕೆಡವಿದ ಹುಡುಗ ಮನೆಯಲ್ಲಿರಬಾರದು, ಆ ಗೇಮು ಅವನನ್ನು ಕೊಲೆಗಾರನನ್ನಾಗಿ ಮಾಡಿದೆ, ಎಂಬುದು ಅವನ ಮಾತು. ಪೇಟೆಯಲ್ಲಿ ಅವನ ದಲಾಲಿ ಅಂಗಡಿಯ ಆಚೀಚಿನವರಿಗೂ ಆ ಮಾತು ಮುಟ್ಟಿತ್ತು.

ಮಂಗಳವಾರ ಏನಾಯಿತೆಂದು ನೋಡಿದವಳು ನಾನೊಬ್ಬಳೇ. ನಾನು ಸುಮ್ಮನಿದ್ದೆ.

ಇದು ಸರಿಯಾಗಿ ತಿಳಿಯಬೇಕಾದರೆ ದಸರೆಯ ರಜೆಯ ದಿನಗಳಿಗೆ ಹಿಂದಿರುಗಬೇಕು. ನನ್ನನ್ನು ಈ ಕೆಲಸಕ್ಕೆ ಹಚ್ಚಿದ್ದು ನಿಮ್ಮಪ್ಪನೇ. “ಅವ್ವಾ, ಅಂವ ಫೋನಿನ್ಯಾಗ ಏನ ಮಾಡ್ತಾನ, ಬಾಜೂಕ ಕುಂತು ನೋಡು. ನೀ ಇದ್ರ ಅಂವ ಅಂಜೂದಿಲ್ಲ. ಖರೇ ಏನಂತ ಗೊತ್ತಾಕ್ಕತಿ,” ಅಂದ. ಅಂದರೆ ಗೂಢಚಾರಳಾಗು ಎಂದು. ನನ್ನಷ್ಟು ಸದ್ದಿಲ್ಲದ ಹೆಂಗಸು ಅವನಿಗೆ ಇನ್ನೆಲ್ಲಿ ಸಿಕ್ಕಾಳು?

ಮೊದಲ ದಿನ ನನಗೆ ಕಂಡದ್ದು ಇಷ್ಟು. ವಿಮಾನದಿಂದ ಮಂದಿ ಛತ್ರಿ ಕಟ್ಟಿಕೊಂಡು ಉದುರುತ್ತಾರೆ. ಯಾರದೋ ಮನೆಗೆ ಚಪ್ಪಲಿ ಕಳಚದೆ ನುಗ್ಗಿ ಅಲ್ಲಿ ಬಿದ್ದ ಬಂದೂಕು ಎತ್ತಿಕೊಳ್ಳುತ್ತಾರೆ. ಆಮೇಲೆ ಒಬ್ಬರನ್ನೊಬ್ಬರು ಹುಡುಕಿ ಹುಡುಕಿ ಹೊಡೆಯುತ್ತಾರೆ.

“ಮನೀ ಮಂದಿ ಎಲ್ಲಿ ಹೋದ್ರೋ?” ಎಂದು ಕೇಳಿದೆ.

“ಯಾರೂ ಇರೂದಿಲ್ಲ ಆಯಿ. ಬರೇ ಹೊಡದಾಡೋರ ಇರ್ತಾರ.”

“ಹಂಗಾದ್ರ ಅಡಗಿ ಯಾರ ಮಾಡ್ತಾರ?”

ನೀನು ನಕ್ಕೆ. ನೀನು ಹಾಗೆ ನಕ್ಕದ್ದನ್ನು ನೋಡಿ ಎಷ್ಟೋ ತಿಂಗಳಾಗಿದ್ದವು. ಹತ್ತನೆಯ ತರಗತಿಗೆ ಬಂದಾಗಿನಿಂದ ಮನೆಯಲ್ಲಿ ನೀನು ಆಡುತ್ತಿದ್ದ ಮಾತು ಎರಡೇ, ‘ಹ್ಞೂಂ’ ಮತ್ತು ‘ಊಹ್ಞೂಂ’. ಆದರೆ ಆ ಆಟದಲ್ಲಿ ನಿನ್ನ ದನಿಯೇ ಬೇರೆ. ಅಲ್ಲಿ ನಿನ್ನ ಹೆಸರು ‘ಬ್ಯಾಡಗಿ ಬೆಂಕಿ’. ನಿನ್ನ ತಂಡದಲ್ಲಿ ಇನ್ನೂ ಮೂವರು, ಹಿರೇಕೆರೂರಿನ ಕಡೆಯವನೊಬ್ಬ, ದಾವಣಗೆರೆಯವರಿಬ್ಬರು. ಯಾರ ಮುಖವನ್ನೂ ನೀನು ನೋಡಿಲ್ಲ. “ಬೆಂಕಿ, ಯಾ ಕಡೆ ಹೋಗೂಣು?” ಎಂದು ಅವರು ಕೇಳುತ್ತಿದ್ದರು. “ನೀವು ಗ್ವಾಡಿ ಹಿಂದ ಕುಂದ್ರಿ, ನಾ ಮುಂದ ಹೊಕ್ಕೇನಿ,” ಎಂದು ನೀನು ಹೇಳುತ್ತಿದ್ದೆ, ನಿಧಾನವಾಗಿ, ಮನೆಯ ಯಜಮಾನನಂತೆ. ಮೂರು ಮಂದಿ ನಿನ್ನ ಮಾತಿನಂತೆ ಕೂರುತ್ತಿದ್ದರು, ಏಳುತ್ತಿದ್ದರು.

ನಾಲ್ಕನೆಯ ದಿನವೋ ಐದನೆಯ ದಿನವೋ, ನಿನ್ನ ಬೆನ್ನ ಹಿಂದೆ ಹುಲ್ಲಿನಲ್ಲಿ ಒಬ್ಬ ತೆವಳುತ್ತ ಬಂದ. ನೀನು ನೋಡಲಿಲ್ಲ, ನಾನು ನೋಡಿದೆ. “ಹಿಂದ ನೋಡೋ, ಹಿಂದ ಬಂದ,” ಎಂದು ಕೂಗಿಬಿಟ್ಟೆ. ನೀನು ತಿರುಗಿ ಹೊಡೆದೆ, ಅವನು ಬಿದ್ದ. ಫೋನಿನೊಳಗಿನಿಂದ ಒಬ್ಬ ಹುಡುಗ, “ಯಾರೋ ಅದು?” ಎಂದು ಕೇಳಿದ. “ನಮ್ಮ ಆಯಿ,” ಅಂದೆ ನೀನು. “ಆಯಿಗೆ ಥ್ಯಾಂಕ್ಸ್ ಹೇಳಲೇ,” ಅಂದ ಅವನು.

ನನ್ನ ಎದೆ ಡವಡವ ಎನ್ನುತ್ತಿತ್ತು. ಈ ಡವಡವ ನನಗೆ ಹೊಸದಲ್ಲ, ಇದನ್ನು ನಾನು ಎಲ್ಲೋ ಬಲ್ಲೆ ಅನ್ನಿಸಿತು. ಎಲ್ಲಿ ಎಂದು ನೆನಪು ಮಾಡಿಕೊಳ್ಳಲು ಹೋಗಲಿಲ್ಲ. ನಿಮ್ಮಪ್ಪ ಕೇಳಿದಾಗ, “ಏನಿಲ್ಲಪ, ಓಡ್ಯಾಡ್ತಾರ ಅಷ್ಟ,” ಎಂದು ವರದಿ ಕೊಟ್ಟೆ. ಅಷ್ಟು ಸಾಲದೆಂದು ಇನ್ನೊಂದು ಕೆಲಸ ಮಾಡಿದೆ. ನನ್ನ ಕೋಣೆಯಲ್ಲಿ ಕರೆಂಟಿನ ಪ್ಲಗ್ ಬಾಗಿಲ ಹತ್ತಿರ, ನನ್ನ ಮಂಚ ಕಿಟಕಿಯ ಹತ್ತಿರ. ಫೋನಿನ ಚಾರ್ಜು ಮುಗಿದರೆ ನೀನು ಎದ್ದು ಬಾಗಿಲಿಗೆ ಹೋಗಿಬಿಡುತ್ತಿದ್ದೆ, ನನಗೆ ಆಟ ಕಾಣುತ್ತಿರಲಿಲ್ಲ. ಸಹನಾಳ ಕೈಗೆ ರೊಕ್ಕ ಕೊಟ್ಟು ಒಂದು ಉದ್ದನೆಯ ವಯರು ತರಿಸಿದೆ. ಅದನ್ನು ಹೊಸ್ತಿಲ ಬದಿಯಿಂದ ಮಂಚದವರೆಗೆ ನಾನೇ ಎಳೆದು ಹಾಸಿದೆ.

ಇನ್ನು ಮಂಗಳವಾರ. ನೀನು ನನ್ನ ಮಂಚದ ತುದಿಗೆ ಕೂತು ಆಡುತ್ತಿದ್ದೆ. ನಿಮ್ಮಪ್ಪ ಪೇಟೆಯಿಂದ ಬಂದ, ಜೊತೆಗೆ ಇಬ್ಬರು ರೈತರು. ಶಾಲೆಯಿಂದ ನಿನ್ನ ಅಂಕಪಟ್ಟಿ ಬಂದಿತ್ತು, ಗಣಿತದಲ್ಲಿ ನಪಾಸು. ರೈತರಲ್ಲೊಬ್ಬರು ಸಹಜವಾಗಿ, “ಮಗ ಮುಂದ ಅಂಗಡಿ ನೋಡ್ಕೋತಾನೇನ್ರಿ?” ಎಂದು ಕೇಳಿದರು. “ಎಲ್ಲೀದ್ರಿ. ಹಮಾಲಿ ಮಾಡಾಕೂ ಲಾಯಕ್ಕಿಲ್ಲ ಅಂವ,” ಎಂದ ನಿಮ್ಮಪ್ಪ. ಪಡಸಾಲೆಯ ಮಾತು ನನ್ನ ಕೋಣೆಗೆ ಚೆನ್ನಾಗಿ ಕೇಳುತ್ತದೆ. ನಿನ್ನ ಹೆಬ್ಬೆರಳುಗಳು ಒಂದು ಗಳಿಗೆ ನಿಂತವು. ಕಿವಿಯ ಅಂಚು ಕೆಂಪಾಯಿತು. ಆಮೇಲೆ ಮೊದಲಿಗಿಂತ ಜೋರಾಗಿ ಒತ್ತತೊಡಗಿದೆ.

ರೈತರು ಹೋದ ಮೇಲೆ ನಿಮ್ಮಪ್ಪ ಬಾಗಿಲಿಗೆ ಬಂದು ನಿಂತ.

“ಕೊಡದನ್ನ.”

“ಒಂದ ನಿಮಿಷ ಅಪ್ಪಾ. ಮೂರ ಮಂದಿ ನನ್ನ ನಂಬಿ ನಿಂತಾರ.”

“ನಿನ್ನ ನಂಬಿದೋರು ಉದ್ಧಾರ ಆದಂಗ.”

ಅವನು ಒಳಗೆ ಬಂದು ಫೋನಿಗೆ ಕೈ ಹಾಕಿದ, ನೀನು ಬಿಡಲಿಲ್ಲ. ನೀನು ಈ ಕಡೆ ಜಗ್ಗಿದೆ, ಅವನು ಆ ಕಡೆ ಜಗ್ಗಿದ. ಫೋನು ಅವನ ಕೈಗೆ ಹೋಯಿತು. ಅವನು ಅದೇ ರಭಸದಲ್ಲಿ ಎರಡು ಹೆಜ್ಜೆ ಹಿಂದೆ ಇಟ್ಟ. ಹೊಸ್ತಿಲ ಬದಿಯ ವಯರು ಕಾಲಿಗೆ ಸುತ್ತಿಕೊಂಡಿತು. ಸಾವರಿಸಿಕೊಳ್ಳಲು ತಿರುಗುವಷ್ಟರಲ್ಲಿ ಬಾಗಿಲ ಚೌಕಟ್ಟಿಗೆ ಹುಬ್ಬು ಬಡಿದು ಬಿದ್ದ. ರಕ್ತ ಕಣ್ಣಿನವರೆಗೆ ಇಳಿಯಿತು. ನೀನು ಖಾಲಿ ಕೈ ಮುಂದೆ ಚಾಚಿಕೊಂಡು ನಿಂತಿದ್ದೆ. ನೋಡಿದವರಿಗೆ ದೂಡಿದ ಕೈಯಂತೆಯೇ ಕಾಣುತ್ತಿತ್ತು. “ಅಪ್ಪನ್ನ ದೂಡ್ತೀ?” ಎಂದ ನಿಮ್ಮಪ್ಪ. ಅಲ್ಲ ಎಂದು ನೀನು ಹೇಳಲಿಲ್ಲ. ನಿಮ್ಮವ್ವ ಓಡಿ ಬಂದಳು. ನಾನು ಬಾಯಿ ತೆರೆದೆ, ಮುಚ್ಚಿದೆ. ಸಂಜೆ, ಎಲ್ಲರೂ ದವಾಖಾನೆಯಲ್ಲಿದ್ದಾಗ, ಆ ವಯರನ್ನು ಸುತ್ತಿ ನನ್ನ ಹಾಸಿಗೆಯ ಕೆಳಗೆ ಇಟ್ಟುಬಿಟ್ಟೆ.

ಹೀಗೆ ದಾರ ಬಚ್ಚಿಡುವುದು ನನಗೆ ಎರಡನೆಯ ಸಲ. ಶುಕ್ರವಾರ ಕೊಬ್ಬರಿಯ ವಾಸನೆ ಬಂದಾಗ ಮೊದಲನೆಯದು ಎದ್ದು ಬಂದು ಎದುರಿಗೆ ಕೂತಿತು.

ನನ್ನ ತವರು ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರು. ನಲವತ್ತೈದು ವರ್ಷದ ಹಿಂದಿನ ಮಾತು, ನನಗೆ ಹದಿನಾರು. ನಮ್ಮ ಕಡೆ ದೀಪಾವಳಿಯ ಹೊತ್ತಿಗೆ ಹೋರಿ ಓಡಿಸುವುದು ನಿಮಗೂ ಗೊತ್ತು. ಹೋರಿಯ ಕೊರಳಿಗೆ, ಬೆನ್ನಿಗೆ ಕೊಬ್ಬರಿ ಬಟ್ಟಲಿನ ಸರ ಕಟ್ಟಿ ಮಂದಿಯ ನಡುವೆ ಬಿಡುತ್ತಾರೆ. ಓಡುವ ಹೋರಿಯ ಮೈಮೇಲಿಂದ ಒಂದು ಬಟ್ಟಲನ್ನಾದರೂ ಕಿತ್ತುಕೊಂಡವನು ಗಂಡಸು. ಒಂದನ್ನೂ ಬಿಟ್ಟುಕೊಡದೆ ಓಡಿ ಬಂದದ್ದು ಹೋರಿ. ನಮ್ಮ ಹೋರಿಯ ಹೆಸರು ಸಿಡಿಲು. ನಿಮ್ಮ ಗೇಮಿನಲ್ಲಿ ಇಟ್ಟುಕೊಳ್ಳುವ ಹೆಸರು ಕೇಳಿದಾಗ ನನಗೆ ನಮ್ಮ ಹೋರಿಗಳೇ ನೆನಪಾದವು. ಬೆಂಕಿ, ಬಿರುಗಾಳಿ, ಹುಲಿ. ಸೌಮ್ಯ ಹೆಸರಿಟ್ಟುಕೊಂಡ ಹೋರಿಯನ್ನು ನಾನು ಕಾಣೆ.

ಸರ ಪೋಣಿಸುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಕಾದ ಕಬ್ಬಿಣದ ಕಡ್ಡಿಯಿಂದ ಬಟ್ಟಲಿಗೆ ತೂತು ಮಾಡಬೇಕು, ಹತ್ತಿಯ ನೂಲನ್ನು ಮೂರೆಳೆ ಹೊಸೆದು ಪೋಣಿಸಬೇಕು. ಮೂರೇ ಎಳೆ. ನಾಲ್ಕನೆಯದನ್ನು ಸೇರಿಸಿದರೆ ನಮ್ಮವ್ವ ಬೈಯುತ್ತಿದ್ದಳು. “ಹುಡುಗೂರು ಜಗ್ಗಿದ್ರ ಹರೀಬೇಕು. ಹೋರಿ ನಮ್ಮದಾದ್ರೂ ಹುಡುಗೂರು ಊರಿನವು.”

ಅದರ ಹಿಂದಿನ ವರ್ಷ ಸಿಡಿಲು ಬರಿಮೈಯಲ್ಲಿ ಮನೆಗೆ ಬಂದಿತ್ತು. ಒಂದು ಬಟ್ಟಲೂ ಉಳಿದಿರಲಿಲ್ಲ. ಬಾವಿಕಟ್ಟೆಯಲ್ಲಿ ಗೆಳತಿಯರು, “ನಿಮ್ಮದು ಹೋರಿ ಅಲ್ಲಬೇ, ಕಿರಾಣಿ ಅಂಗಡಿ. ಬೇಕಾದೋರು ಬಂದು ಕೊಬ್ಬರಿ ಒಯ್ತಾರ,” ಎಂದು ನಕ್ಕಿದ್ದರು. ಎರಡು ಬಟ್ಟಲು ಕಿತ್ತವನು ಮೌಲಾ, ನಮ್ಮ ಊರಿನ ಗಾದಿ ಹೊಲಿಯುವ ಪಿಂಜಾರರ ಮಗ, ನನಗಿಂತ ಒಂದು ವರ್ಷಕ್ಕೆ ಸಣ್ಣವನು. ಅವನು ನಮ್ಮ ಮಾಳಿಗೆಯ ಕೆಳಗೆ ನಿಂತು ಬಟ್ಟಲು ಎತ್ತಿ ತೋರಿಸಿ, “ಅಕ್ಕಾರ, ನಿಮ್ಮ ಅಂಗಡ್ಯಾಗ ಬೆಲ್ಲಾನೂ ಸಿಗತತೇನ್ರಿ?” ಎಂದು ಕೇಳಿದ. ಓಣಿಯೆಲ್ಲ ನಕ್ಕಿತು. ಬೇರೆ ಹುಡುಗಿಯಾಗಿದ್ದರೆ ಅಲ್ಲೇ ತಿರುಗಿ ಒಂದು ಮಾತು ಒಗೆಯುತ್ತಿದ್ದಳು. ನಾನು ಒಳಗೆ ಹೋದೆ. ಆ ಮಾತನ್ನು ಒಂದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡೆ.

ಮೆಣಸಿನಕಾಯಿ ಚೀಲದ ಬಾಯಿ ಹೊಲಿಯಲೆಂದು ಅಪ್ಪ ಆ ಸಲ ಬ್ಯಾಡಗಿ ಪೇಟೆಯಿಂದ ಹಸಿರು ನೈಲಾನ್ ದಾರದ ಉಂಡೆ ತಂದಿದ್ದ. ನಮ್ಮೂರಿಗೆ ಆಗ ಅದು ಹೊಸದು. ಹಲ್ಲಿನಿಂದ ಕಚ್ಚಿದರೂ ತುಂಡಾಗುತ್ತಿರಲಿಲ್ಲ. ನಾನು ಸಿಡಿಲಿನ ಸರವನ್ನು ಅದರಲ್ಲೇ ಪೋಣಿಸಿದೆ. ಅವ್ವನಿಗೆ ಕಾಣಬಾರದೆಂದು ಮೇಲೆ ಬಿಳಿ ನೂಲು ಸುತ್ತಿದೆ.

ಮರುದಿನ ನಾವೆಲ್ಲ ಮಾಳಿಗೆಯ ಮೇಲಿದ್ದೆವು. ಕೆಳಗೆ ಓಣಿಯ ತುಂಬ ಹುಡುಗರು. ಸಿಡಿಲನ್ನು ಬಿಟ್ಟರು. ಒಬ್ಬ ಸರಕ್ಕೆ ಕೈ ಹಾಕಿದ, ಜಾರಿತು. ಇನ್ನೊಬ್ಬ ಹಾಕಿದ, ಬರಲಿಲ್ಲ. ಮಂದಿ “ಸಿಡಿಲು, ಸಿಡಿಲು” ಎಂದು ಕೂಗತೊಡಗಿದರು. ನನ್ನ ಕಿವಿಯ ಹತ್ತಿರವೇ ಯಾರೋ ಗಂಟಲು ಹರಿದುಕೊಂಡು ಕೂಗುತ್ತಿದ್ದಾರಲ್ಲ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಕೂಗುತ್ತಿದ್ದವಳು ನಾನು.

ನಮ್ಮ ಮನೆಯ ಎದುರಿಗೆ ಬಂದಾಗ ಮೌಲಾ ಹಾರಿದ. ಸರ ಹಿಡಿದ. ಅಲ್ಲಿ ನೂಲು ಹರಿಯಬೇಕು, ಹುಡುಗ ಬಟ್ಟಲಿನೊಂದಿಗೆ ಬದಿಗೆ ಬೀಳಬೇಕು, ಹೋರಿ ಮುಂದೆ ಹೋಗಬೇಕು. ಆಟ ಇರುವುದೇ ಹಾಗೆ. ದಾರ ಹರಿಯಲಿಲ್ಲ. ಅದು ಅವನ ಬಲಗೈಯ ಬೆರಳುಗಳಿಗೆ ಸುತ್ತಿಕೊಂಡಿತು. ಹೋರಿ ನಿಲ್ಲಲಿಲ್ಲ. ಕಲ್ಲಿನ ಓಣಿಯಲ್ಲಿ ಅವನನ್ನು ಎಳೆದುಕೊಂಡು ಹೋಯಿತು, ಗುಡಿಯ ಕಟ್ಟೆಯವರೆಗೆ. ಅಲ್ಲಿ ಸರ ಕೊಯ್ದು ಅವನನ್ನು ಬಿಡಿಸಿದರು.

ಎರಡು ಬೆರಳು ಹೋದವು. ರಾಣೆಬೆನ್ನೂರಿನ ದವಾಖಾನೆಗೆ ಚಕ್ಕಡಿಯಲ್ಲಿ ಒಯ್ದರು. ಹೋರಿ ಸೊಕ್ಕಿದೆ, ಹುಡುಗರನ್ನು ಕೊಲ್ಲುತ್ತದೆ ಎಂದು ಊರಿನ ಹಿರಿಯರು ತೀರ್ಮಾನ ಕೊಟ್ಟರು. ಅಪ್ಪ ಅದನ್ನು ಕರುವಾಗಿದ್ದಾಗಿನಿಂದ ಸಾಕಿದ್ದ. ಮುಂದಿನ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ ಬಂದ. ಎರಡು ದಿನ ಉಣ್ಣಲಿಲ್ಲ, ಮತ್ತೆ ಹೋರಿ ಕಟ್ಟಲಿಲ್ಲ. ಬಿಳಿ ನೂಲಿನ ಒಳಗೆ ಏನಿದೆಯೆಂದು ಊರಿನಲ್ಲಿ ಯಾರೂ ನೋಡಲಿಲ್ಲ. ಹೋರಿಯ ಕೊರಳಲ್ಲಿ ಉಳಿದ ತುಂಡನ್ನು ನಾನು ಒಲೆಗೆ ಹಾಕಿದೆ. ಅದು ನೂಲಿನಂತೆ ಉರಿಯಲಿಲ್ಲ, ಕರಗಿ ಒಂದು ಹಸಿರು ಉಂಡೆಯಾಯಿತು. ಅದನ್ನು ತಿಪ್ಪೆಯಲ್ಲಿ ಹುಗಿದೆ. ಅಪ್ಪ ಹೋದ, ಅವ್ವ ಹೋದಳು, ನಿಮ್ಮ ಅಜ್ಜ ಹೋದರು. ಯಾರಿಗೂ ಹೇಳಲಿಲ್ಲ. ಮೌಲಾ ದೊಡ್ಡವನಾಗಿ ರಾಣೆಬೆನ್ನೂರಿನಲ್ಲಿ ಗಾದಿ ಅಂಗಡಿ ಇಟ್ಟ. ಅಂಗಡಿ ಬಸ್ಸಿನ ಹಾದಿಯಲ್ಲೇ ಇದೆ. ಆ ಹಾದಿಯಲ್ಲಿ ಹೋಗುವಾಗ ನಾನು ಬಸ್ಸಿನ ಇನ್ನೊಂದು ಬದಿಗೆ ಕೂರುತ್ತೇನೆ.

ಶನಿವಾರ ಬೆಳಿಗ್ಗೆ, “ಕಣ್ಣ ತೋರಿಸ್ಕೊಂಡ ಬರ್ತೀನಿ, ಸಮರ್ಥ ಜೋಡಿ ಬರಲಿ,” ಎಂದೆ. “ಬರಲಿ. ನಾಡದ ಹ್ಯಾಂಗೂ ಇರೂದಿಲ್ಲ,” 
ಎಂದ ನಿಮ್ಮಪ್ಪ, ಹುಬ್ಬಿನ ಪಟ್ಟಿ ಮುಟ್ಟಿಕೊಳ್ಳುತ್ತ. ರಾಣೆಬೆನ್ನೂರಿನವರೆಗೆ ನೀನು ಕಿಟಕಿಯ ಹೊರಗೆ ನೋಡಿದೆ. ನಾನು ನನ್ನ ಕಾಲಬೆರಳು ನೋಡಿಕೊಂಡೆ. ಎರಡು ಸಲ, ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ಹೋಗಿಬಿಡೋಣ ಎಂದುಕೊಂಡೆ.

ಅಂಗಡಿಯಲ್ಲಿ ಮೌಲಾ ಕೆಳಗೆ ಕೂತು ಗಾದಿಯ ಅಂಚು ಹೊಲಿಯುತ್ತಿದ್ದ. ಬಿಳಿ ಗಡ್ಡದಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡು, ಗಡ್ಡ ಯಾವುದು ಹತ್ತಿ ಯಾವುದು ತಿಳಿಯುವಂತಿರಲಿಲ್ಲ. ಮೂರು ಬೆರಳಿನ ಕೈ ಉದ್ದ ಸೂಜಿಯನ್ನು ಸರಾಗವಾಗಿ ಎಳೆಯುತ್ತಿತ್ತು.

“ಬರ್ರಿ. ಗಾದಿ ಹೊಸಾದೋ, ಹಳೇದು ಹಿಂಜಬೇಕೋ?”

“ಮೌಲಾ, ನಾನು. ಕುಪ್ಪೇಲೂರ ಸಿಡಿಲಿನ ಮನಿಯಾಕಿ.”

ಸೂಜಿ ನಿಂತಿತು. “ಅಕ್ಕಾರ?” ಎಂದು ಬಹಳ ಹೊತ್ತು ನೋಡಿದ. ಆಮೇಲೆ ಒಳಗೆ ಹೆಂಡತಿಗೆ ಉರ್ದುವಿನಲ್ಲಿ ಚಹಾ ಹೇಳಿ, “ಕುಂದ್ರಿ. ಹೊಸಾ ಗಾದೀ ಮ್ಯಾಲ ಕುಂದ್ರಿ,” ಅಂದ.

ನಾನು ಕೂರಲಿಲ್ಲ. ಕೂತರೆ ಮಾತು ಬರುತ್ತಿರಲಿಲ್ಲ. “ಆ ಸರಕ್ಕ ನೂಲು ಹಾಕಿರಲಿಲ್ಲ ಮೌಲಾ. ನೈಲಾನ್ ದಾರ ಹಾಕಿದ್ದೆ. ಅಪ್ಪಗ ಗೊತ್ತಿರಲಿಲ್ಲ, ಅವ್ವಗ ಗೊತ್ತಿರಲಿಲ್ಲ. ನಾನ ಹಾಕಿದ್ದು.”

ಅವನು ದಾರವನ್ನು ಮೇಣಕ್ಕೆ ತಿಕ್ಕಿದ. “ಹಸರ ದಾರ,” ಅಂದ.

“ನಿನಗ ಗೊತ್ತಿತ್ತೇನು?”

“ನನ್ನ ಬೆರಳಿಗೆ ಸಿಕ್ಕಿದ್ದು ನನಗ ಗೊತ್ತಾಗದ ಇರತತೇನ್ರಿ? ಡಾಕ್ಟರು ಕತ್ತರೀಲೆ ಕತ್ತರಿಸಿ ತಗದ್ರು. ನಮ್ಮಪ್ಪ ನೋಡಿ, ಇದು ಚೀಲದ ದಾರ ಅಂದ. ಊರಾಗ ಹೇಳ್ತೀನಿ ಅಂತ ಹೊಂಟಿದ್ದ. ನಾನ ಬ್ಯಾಡ ಅಂದೆ.”

“ಯಾಕ?”

“ಹೇಳಿದ್ರ ಹೋರಿ ಓಡ್ಸೂದನ್ನ ಬಂದ್ ಮಾಡ್ತಿದ್ರು. ನನಗ ಮುಂದಿನ ವರ್ಷ ಓಡೂದಿತ್ತು. ಓಡಿದೆ ಮತ್ತ, ಎರಡ ವರ್ಷ. ಎಡಗೈಲೆ.”

ಅಲ್ಲಿಯವರೆಗೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನೀನು, ಸಮರ್ಥ, ಆಗ ಮಾತಾಡಿದೆ. “ಬೆರಳ ಹೋದ ಮ್ಯಾಲೂ ಓಡಿದ್ರಿ? ಯಾಕ್ರಿ?”

ಮೌಲಾ ನಿನ್ನನ್ನು ಮೇಲಿಂದ ಕೆಳಗೆ ನೋಡಿದ. “ವರ್ಷದಾಗ ಮುನ್ನೂರಾ ಅರವತ್ನಾಕ ದಿನ ನನ್ನ ಎಲ್ಲಾರೂ ‘ಏ ಪಿಂಜಾರ ಹುಡುಗಾ’ ಅಂತಿದ್ರು. ಆ ಒಂದ ದಿನ ‘ಮೌಲಾ, ಮೌಲಾ’ ಅಂತಿದ್ರು. ಇನ್ನೇನ ಬೇಕೋ ಮಾರಾಯಾ ಆ ವಯಸ್ಸಿನ್ಯಾಗ?”

ಚಹಾ ಬಂತು. ನಾನು ಆಗ ಕೂತೆ. ಎಲ್ಲ ಮುಗಿಯಿತು, ಹಗುರವಾದೆ ಎಂದುಕೊಳ್ಳುವಷ್ಟರಲ್ಲಿ ಅವನು ಚಹಾದ ಕಪ್ಪು ಕೆಳಗಿಟ್ಟ. “ಸಿಟ್ಟು ಬಂದಿತ್ರಿ ಅಕ್ಕಾರ, ಸುಳ್ಳ ಯಾಕ ಹೇಳ್ಲಿ. ಹೆಣ್ಣ ನೋಡಾಕ ಹೋದಾಗ ಎರಡ ಮನಿಯೋರು ಕೈ ನೋಡಿ ಒಲ್ಲೆ ಅಂದ್ರು. ಆವಾಗ ನಿಮ್ಮ ಹೆಸರ ತಗೊಂಡೇನಿ, ಚಲೋ ಮಾತಿಲೆ ಅಲ್ಲ. ಒಂದ ಸಲ ಬಂದು ಹೇಳಬೌದಿತ್ತು. ಹಾದಿ ಏನ ದೂರ ಇರಲಿಲ್ಲ.”

ಕೈ ಮುಗಿದೆ. ಅವನು ಆ ಕೈ ನೋಡಲಾರದೆ ಮುಖ ತಿರುಗಿಸಿ ಮತ್ತೆ ಸೂಜಿ ಎತ್ತಿಕೊಂಡ. ನಾವು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಹೇಳಿದ, “ಆವತ್ತ ಎಡಗೈಯಾಗ ಒಂದ ಬಟ್ಟಲ ಹಂಗ ಉಳದಿತ್ರಿ, ಬಿಟ್ಟಿರಲಿಲ್ಲ. ದವಾಖಾನ್ಯಾಗ ನಾನೂ ನಮ್ಮ ಅಮ್ಮಾನೂ ಕುಂತು ತಿಂದ್ವಿ. ಭಾಳ ಸವಿ ಇತ್ತು.”

ಬರುವಾಗ ಬಸ್ಸಿನಲ್ಲಿ ನೀನು ನನ್ನ ಕಡೆ ತಿರುಗಿ ಕೂತೆ.

“ಆಯಿ, ಅವರನ್ನ ಹೋರಿ ಎಳದಾಗ ನಿನಗ ಏನ ಅನಸ್ತು?”

ಮೇಲೆ ಈ ಸಂಗತಿ ಬರೆಯುವಾಗ ಒಂದನ್ನು ಬಿಟ್ಟಿದ್ದೇನೆ. ನಿನ್ನ ಎದುರಿಗೆ ಬಿಡಲಾಗಲಿಲ್ಲ. “ಖುಷಿ ಆತು,” ಎಂದೆ. “ಹೆದರಿಕಿ ಆಮ್ಯಾಲ ಬಂತು. ಮೊದಲ ಖುಷಿ. ದಾರ ಹರೀಲಿಲ್ಲಲ್ಲ ಅಂತ. ನಾ ಗೆದ್ದೆ ಅಂತ.”

ನೀನು ಮುಖ ಗಂಟಿಕ್ಕುತ್ತೀಯೆಂದು ಕಾದೆ. ನೀನು ಹೌದೆಂಬಂತೆ ತಲೆಯಾಡಿಸಿದೆ, ಪರಿಚಯದವರ ಮಾತು ಕೇಳಿದಂತೆ.

“ನಿಮ್ಮ ಆಟದಾಗ ಬಿದ್ದಾಂವ ಮತ್ತ ಛತ್ರಿ ಕಟ್ಕೊಂಡು ಇಳೀತಾನ,” ಎಂದೆ. “ಮೌಲಾನ ಬೆರಳ ಬರಲಿಲ್ಲ. ಅಷ್ಟ ಫರಕು.” ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದನ್ನೂ ಹೇಳಿದೆ. “ನಿಮ್ಮಪ್ಪ ವಯರಿಗೆ ಎಡವಿ ಬಿದ್ದಿದ್ದು. ನಾ ನೋಡೇನಿ.”

“ಗೊತ್ತು.”

“ಮತ್ತ ನೀ ಯಾಕ ಹೇಳಲಿಲ್ಲ?”

ನೀನು ನಿನ್ನ ಅಂಗೈ ನೋಡಿಕೊಂಡೆ. “ದೂಡಬೇಕಂತ ಮಾಡಿದ್ದೆ ಆಯಿ. ಕೈ ಎತ್ತಿದ್ದೆ. ಅಷ್ಟರಾಗ ತಾನ ಬಿದ್ದ. ದೂಡಿಲ್ಲ ಅಂತ ಯಾ ಬಾಯಿಲೆ ಹೇಳ್ಲಿ?”

ನಾನು ನಿನ್ನ ಕೈ ಹಿಡಿದುಕೊಂಡೆ. ಬ್ಯಾಡಗಿ ಬರುವವರೆಗೆ ಬಿಡಲಿಲ್ಲ. ಹತ್ತನೆಯ ತರಗತಿಯ ಹುಡುಗ, ಬಸ್ಸಿನ ತುಂಬ ಮಂದಿ, ಆದರೂ ನೀನು ಬಿಡಿಸಿಕೊಳ್ಳಲಿಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಿಮ್ಮಪ್ಪ ಪಡಸಾಲೆಯಲ್ಲಿ ಟ್ರಂಕಿಗೆ ಹೊಸ ಬೀಗ ಹಾಕಿ ನೋಡುತ್ತಿದ್ದ. ನಿಮ್ಮವ್ವ ನಿನ್ನ ಅಂಗಿ ಮಡಚುತ್ತಿದ್ದಳು. ನಾನು ಹಾಸಿಗೆಯ ಕೆಳಗಿನ ವಯರು ತಂದು ಅವನ ಮುಂದೆ ಇಟ್ಟೆ.

“ಮಂಜಾ, ನೀ ಬಿದ್ದಿದ್ದು ಇದಕ್ಕ ಎಡವಿ. ಸಮರ್ಥ ದೂಡಿಲ್ಲ. ಇದನ್ನ ಹಾದ್ಯಾಗ ಹಾಸಿದಾಕಿ ನಾನು.”

ಅವನು ವಯರನ್ನು ನೋಡಿದ, ನನ್ನನ್ನು ನೋಡಿದ. “ಏನ್ ಹೇಳಾಕತ್ತೀಯವ್ವಾ?”

“ಇನ್ನೂ ಐತಿ. ಅದಕೂ ಮೊದಲ ರೈತರ ಮುಂದ ನೀ ಏನಂದಿ, ಅದು ಅವಂಗ ಕೇಳಿಸ್ತು. ಹಮಾಲಿ ಮಾಡಾಕೂ ಲಾಯಕ್ಕಿಲ್ಲ ಅಂದಿ. ಫೋನಿನ್ಯಾಗ ಮೂರ ಮಂದಿ ಇವನ ಮಾತ ಕೇಳ್ತಾರ. ಮನ್ಯಾಗ ಇವಂಗ ಇರೂದು ಬೈಗಳ ಅಷ್ಟ. ಯಾ ಕಡೆ ಹೊಕ್ಕಾನ ಹೇಳು.”

ಕಂಬ ಹಿಡಿದುಕೊಂಡು, ದಾರದ ಕಥೆಯನ್ನು ಮೊದಲಿನಿಂದ ಹೇಳಿದೆ. ಮೌಲಾನ ಬೆರಳು, ಸಿಡಿಲನ್ನು ಸಂತೆಗೆ ಹೊಡೆದದ್ದು, ಹಿಂದಿನ ದಿನ ಕಣ್ಣು ತೋರಿಸಿಕೊಳ್ಳದೆ ಎಲ್ಲಿಗೆ ಹೋಗಿದ್ದೆ ಎಂಬುದು. “ನಾವು ಹೋರಿ ಮಾರಿದ್ವಿ. ಹುಡುಗನ ಕೈಗೆ ಸುತ್ತಿದ್ದು ದಾರ. ನೀನೂ ಈಗ ಹೋರಿ ಮಾರಾಕ ಹೊಂಟೀದಿ.”

ನಿಮ್ಮಪ್ಪ ವಯರನ್ನು ಕೈಗೆತ್ತಿಕೊಂಡು, “ಮಂಗಳವಾರನ ಯಾಕ ಹೇಳಲಿಲ್ಲವ್ವಾ ನೀ? ಪ್ಯಾಟ್ಯಾಗೆಲ್ಲಾ ನನ್ನ ಮಗ ನನ್ನ ದೂಡಿದಾ ಅಂತ ಹೇಳ್ಕೋತ ಅಡ್ಯಾಡಿನಿ,” ಅಂದ.

“ಮೌಲಾಗ ಹೇಳಾಕ ನಲವತ್ತೈದ ವರ್ಷ ಹಿಡೀತು ನನಗ. ನಿನಗ ಐದ ದಿನದಾಗ ಹೇಳೇನಿ.”

ನಿಮ್ಮವ್ವ ಮಡಚಿದ ಅಂಗಿಯಿಂದ ಬಾಯಿ ಮುಚ್ಚಿಕೊಂಡು ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ಆಗ ಸಮರ್ಥ, ನೀನು ಕೋಣೆಯ ಬಾಗಿಲಿಗೆ ಬಂದು ನಿಂತು, ಯಾರ ಮುಖವನ್ನೂ ನೋಡದೆ, “ಕೈ ಎತ್ತಿದ್ದೆ ಅಪ್ಪಾ. ಅದು ಖರೇ,” ಅಂದೆ. ನಿಮ್ಮಪ್ಪ ಟ್ರಂಕಿನ ಬೀಗದ ಕೈಯನ್ನು ಕಿಸೆಗೆ ಹಾಕಿಕೊಂಡು ಹೊರಗೆ ಹೋದ. ಸಂಜೆಯವರೆಗೂ ಬರಲಿಲ್ಲ. ಅಷ್ಟು ಹೊತ್ತೂ ನಾನು ಕಂಬದ ಹತ್ತಿರವೇ ಕೂತಿದ್ದೆ.

ಸೋಮವಾರ ಟ್ರಂಕು ಎಲ್ಲಿಗೂ ಹೋಗಲಿಲ್ಲ. ಫಾರಂ ಹರಿದು ಹಾಕಿದ್ದಾನೆಂದು ತಿಳಿಯಬೇಡಿ. ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದಾನೆ, ಅದರ ಅಂಚು ನನಗೆ ಇಲ್ಲಿಂದ ಕಾಣುತ್ತದೆ. ಗಣಿತದ ಟ್ಯೂಷನ್ ಸುರುವಾಗಿದೆ. ಫೋನು ಸಂಜೆ ಒಂದು ತಾಸು ಹೊರಗೆ ಬರುತ್ತದೆ. ನಿನ್ನೆ ನಿಮ್ಮಪ್ಪ ಪೇಟೆಯಿಂದ ಬಂದವನು ಕೈಕಾಲು ತೊಳೆದುಕೊಂಡು, ಬೇರೇನೋ ಕೆಲಸಕ್ಕೆ ಬಂದವನಂತೆ ನನ್ನ ಮಂಚದ ತುದಿಗೆ ಕೂತ. “ಅದ್ಯಾಂಗ ಆಡ್ತಾರೋ, ಕೊಡಿಲ್ಲೆ,” ಅಂದ. ಛತ್ರಿಯಿಂದ ಇಳಿದು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಸತ್ತ. “ಅಪ್ಪಾ, ಗ್ವಾಡಿ ಹಿಂದ ಕುಂದ್ರು ಅಂದಿದ್ನಿಲ್ಲೋ?” ಅಂದೆ ನೀನು. ಎರಡನೆಯ ಸಲ ಅವನು ಗೋಡೆಯ ಹಿಂದೆ ಕೂತ. ಹುಬ್ಬಿನ ಗಾಯದ ಕಲೆ ಇನ್ನೂ ಕೆಂಪಾಗಿದೆ.

ಸಹನಾ, ನಿನ್ನ ಚರ್ಚಾಸ್ಪರ್ಧೆ ಮುಗಿಯಿತು. ಗೇಮುಗಳ ವಿರುದ್ಧ ಮಾತಾಡಿ, ನನ್ನ ಸಹಾಯವಿಲ್ಲದೆಯೇ ಎರಡನೆಯ ಬಹುಮಾನ ತಂದೆ. ನಿನ್ನ ಪ್ರಶ್ನೆಗೆ ನನ್ನ ಉತ್ತರ ತಡವಾಗಿದೆ, ಅದೂ ಇಷ್ಟುದ್ದ. ಈ ಹಾಳೆಗಳನ್ನು ನಿನ್ನ ನೋಟ್‌ಬುಕ್ಕಿನಲ್ಲೇ ಇಡುತ್ತೇನೆ.

ಇವತ್ತು ಉಳಿದ ಕೊಬ್ಬರಿಯನ್ನು ಹೆರೆದು ಮುಗಿಸಿದೆ. ಕೊನೆಯ ಬಟ್ಟಲಿನ ಅಂಚು ಮಣೆಗೆ ಸಿಗದೆ ಕೈಯಲ್ಲಿ ಉಳಿಯಿತು. ವಾಸನೆ ನೋಡಿದೆ. ಬಾಯಿಗೆ ಹಾಕಿಕೊಂಡು ಕಚ್ಚಿದೆ. ನೀರು ಕುಡಿಯಲು ಬಂದ ಸಮರ್ಥ ತಂಬಿಗೆ ಹಿಡಿದವನು ಹಾಗೆಯೇ ನಿಂತ.

“ಆಯಿ, ಹಲ್ಲು?”

“ಗಟ್ಟಿ ಅದಾವು,” ಎಂದೆ.